ಕೆಂಪು ಬೋರಿಂಗು, ಹಸಿರು ಬೋರಿಂಗು: ಅರೈಹಜಾರ್‌ನಲ್ಲಿ ಕಲಿಸಿದ್ದನ್ನ ಮರೆಸೋಕೆ ಹೊರಟ ಕಥೆ

ಹಳ್ಳಿಗಳಲ್ಲಿ ಆರೋಗ್ಯದ ಅರಿವು ಮೂಡಿಸೋ ಕೆಲಸ ಮಾಡೋರು ನಾಲ್ಕು ಜನ ಸೇರಿದ್ರೆ ಮೊದಲು ಬರೋ ದೂರು, ಜನ ಮಾತೇ ಕೇಳಲ್ಲ ಸಾರ್ ಅಂತ. ಶೌಚಾಲಯ ಕಟ್ಟಿಸಿಕೊಟ್ರೆ ಸೌದೆ ತುಂಬಿಡ್ತಾರೆ, ನೀರು ಕಾಯಿಸಿ ಕುಡೀರಿ ಅಂದ್ರೆ ತಲೆ ಆಡಿಸಿ ಕಳಿಸ್ತಾರೆ, ಹೀಗೆ. ನಾನೂ ಈ ದೂರು ಹೇಳಿದವನೇ. ಅದಕ್ಕೇ ಈ ಪ್ರಕರಣ ಬಹಳ ದಿನದಿಂದ ನನ್ನ ತಲೆ ತಿಂತಾ ಇದೆ, ಯಾಕಂದ್ರೆ ಇಲ್ಲಿ ಜನ ಮಾತು ಕೇಳಿದ್ರು, ಅದೂ ಇಡೀ ದೇಶಕ್ಕೆ ದೇಶವೇ ಕೇಳ್ತು, ತಮ್ಮ ಜೇಬಿಂದ ದುಡ್ಡು ಹಾಕಿ ಕೇಳ್ತು, ಆಮೇಲೆ ಆ ಕೇಳಿದ ಮಾತೇ ಅವರ ಮೈಮೇಲೆ ಕಪ್ಪು ಬಿಳಿ ಚುಕ್ಕಿ ಆಗಿ ಎದ್ದು ಬಂತು.

ಬಾಂಗ್ಲಾದೇಶದ ನೀರಿನಲ್ಲಿ ಆರ್ಸೆನಿಕ್ ಅನ್ನೋ ವಿಷ (ನಾವು ಪಾಷಾಣ ಅನ್ನೋದು) ಇರೋ ವಿಷಯ ಎಲ್ಲೋ ಕೇಳಿರ್ತೀರಿ. ಪೂರ್ತಿ ದೇಶದ ಕಥೆ ಹೇಳೋಕೆ ಹೋದ್ರೆ ಮುಗಿಯಲ್ಲ, ಅದಕ್ಕೆ ಒಂದೇ ಜಾಗ ಹಿಡ್ಕೊಳ್ತೀನಿ, ಹೆಸರು ಅರೈಹಜಾರ್. ಢಾಕಾದಿಂದ ಪೂರ್ವಕ್ಕೆ 25-30 ಕಿಲೋಮೀಟರು, ನಾರಾಯಣಗಂಜ್ ಜಿಲ್ಲೆ, ನಮ್ಮ ತಾಲೂಕು ಇದ್ದ ಹಾಗೆ ಅಲ್ಲಿ ಉಪಜಿಲಾ ಅಂತಾರೆ. ಹೆಸರಿನ ಅರ್ಥ ಎರಡೂವರೆ ಸಾವಿರ (ಹಿಂದಿಯವರ ಢಾಯಿ ಹಜಾರ್ ನೆನಪು ಮಾಡ್ಕೊಳ್ಳಿ). ಈ ಜಾಗನೇ ಯಾಕೆ ಅಂದ್ರೆ, 2000ದಿಂದ ಅಮೆರಿಕದ ಕೊಲಂಬಿಯಾ ಯೂನಿವರ್ಸಿಟಿಯವರು ಅಲ್ಲಿನ ಡಾಕ್ಟರುಗಳ ಜೊತೆ ಸೇರಿ ಮನೆಮನೆ ಸುತ್ತಿ, ಯಾರ ಬೋರಿಂಗಲ್ಲಿ ಎಷ್ಟು ವಿಷ, ಹೇಳಿದ ಮೇಲೆ ಯಾರು ಬದಲಾದ್ರು, ಯಾರು ಆಗಲಿಲ್ಲ, ಎಲ್ಲಾ ಬರೆದಿಟ್ಟಿದ್ದಾರೆ. ಅರಿವು ಮೂಡಿಸೋ ಕೆಲಸದಲ್ಲಿ ಇಷ್ಟು ಲೆಕ್ಕ ಇಟ್ಟಿರೋ ಊರು ಸಿಗೋದು ಅಪರೂಪ. ನಮ್ಮಲ್ಲಿ ಜಾಥಾ ಎಷ್ಟು, ಕರಪತ್ರ ಎಷ್ಟು ಅಂತ ಲೆಕ್ಕ ಸಿಗುತ್ತೆ, ಆಮೇಲೆ ಏನಾಯ್ತು ಅಂತ ಸಿಗಲ್ಲ.

ಮೊದಲ ಪಾಠ: ಕೆರೆ ನೀರು ಬಿಡಿ

ಅಲ್ಲಿನ ಹಳ್ಳಿ ಅಂದ್ರೆ ಮಣ್ಣು ಏರಿಸಿ ಎತ್ತರ ಮಾಡಿದ ದಿಬ್ಬದ ಮೇಲೆ ಐದಾರು ಮನೆ, ಮಧ್ಯೆ ಅಂಗಳ, ಅದಕ್ಕೆ ಬಾಡಿ ಅಂತಾರೆ. ದಿಬ್ಬಕ್ಕೆ ಮಣ್ಣು ತೆಗೆದ ಗುಂಡಿಯೇ ಕೆರೆ, ಪುಕುರ್. ಪಾತ್ರೆ ತೊಳೆಯೋದು, ಸ್ನಾನ, ಎಮ್ಮೆ ಮೈ ತೊಳೆಯೋದು, ಕುಡಿಯೋದು ಎಲ್ಲಾ ಅದರಲ್ಲೇ. ಮಳೆಗಾಲದಲ್ಲಿ ಕಕ್ಕಸಿನ ನೀರೂ ಅದಕ್ಕೇ ಹೋಗಿ ಸೇರುತ್ತೆ. ಕಾಲರಾ, ಭೇದಿಗೆ ಮಕ್ಕಳು ಹುಳ ಸತ್ತ ಹಾಗೆ ಸಾಯ್ತಾ ಇದ್ದ ಕಾಲ. 1970ರ ದಶಕದಲ್ಲಿ ಯುನಿಸೆಫ್ ಮತ್ತೆ ಅಲ್ಲಿನ ಸಾರ್ವಜನಿಕ ಆರೋಗ್ಯ ಎಂಜಿನಿಯರಿಂಗ್ ಇಲಾಖೆ ಸೇರಿ ಒಂದೇ ಪಾಠ ಹೇಳಿದ್ರು: ಪುಕುರ್ ನೀರು ಬಿಡಿ, ನೆಲದೊಳಗಿನ ನೀರು ಕುಡೀರಿ. ಕೈಪಂಪು ಹಾಕಿಸಿ ಕೊಟ್ರು.

ಇಲ್ಲಿ ಒಂದು ವಿಷಯ ಗಮನಿಸಬೇಕು, ನಮ್ಮ ಬಯಲುಸೀಮೆ ಲೆಕ್ಕದಲ್ಲಿ ಯೋಚನೆ ಮಾಡಿದ್ರೆ ಅರ್ಥ ಆಗಲ್ಲ. ನಮಗೆ ಬೋರ್ ಅಂದ್ರೆ ಲಾರಿ ಬರಬೇಕು, ಬಂಡೆ ಕೊರೀಬೇಕು, ಸಾವಿರ ಅಡಿ ಹೋದ್ರೂ ಬರೀ ಪುಡಿ ಬಂದ್ರೆ ಮನೆ ಮಾರಬೇಕು. ಅಲ್ಲಿ ಗಂಗಾ ಬ್ರಹ್ಮಪುತ್ರ ಮೇಘನಾ ನದಿಗಳು ತಂದು ಸುರಿದ ಮೆತ್ತನೆ ಮಣ್ಣು ಮರಳು. ಬಿದಿರಿನ ಅಟ್ಟಣಿಗೆ ಕಟ್ಟಿ, ಒಬ್ಬ ಮೇಲೆ ಕೂತು ಪೈಪಿನ ಬಾಯಿಗೆ ಅಂಗೈ ಮುಚ್ಚಿ ತೆಗೆದು ಮುಚ್ಚಿ ತೆಗೆದು ಮಾಡ್ತಾನೆ, ಕೆಳಗಿರೋರು ಬಿದಿರಿನ ಸನ್ನೆ ಒತ್ತುತಾರೆ, ಮಣ್ಣು ಮರಳು ನೀರಿನ ಜೊತೆ ಮೇಲಕ್ಕೆ ಉಗಿಯುತ್ತೆ, ಪೈಪು ಇಳೀತಾ ಹೋಗುತ್ತೆ. ಅವನ ಅಂಗೈನೇ ವಾಲ್ವು. ಕಡಿಮೆ ಆಳ ಸಾಕು ಅಂದ್ರೆ ಒಂದು ದಿನದ ಕೆಲಸ. ಹಂಗಾಗಿ ಸರ್ಕಾರ ಕೊಟ್ಟಿದ್ದಕ್ಕಿಂತ ಜನ ತಾವೇ ಹಾಕಿಸ್ಕೊಂಡಿದ್ದು ಹೆಚ್ಚು. ಮಗಳ ಮದುವೆಗೆ ಮುಂಚೆ ಅಂಗಳದಲ್ಲಿ ಬೋರಿಂಗು ಇರಬೇಕು ಅನ್ನೋ ಮಟ್ಟಕ್ಕೆ ಅದು ಮರ್ಯಾದೆ ವಿಷಯ ಆಯ್ತು.

ಪಾಠ ಕೆಲಸ ಮಾಡ್ತಾ ಅಂದ್ರೆ ಮಾಡ್ತು. 1960ರಲ್ಲಿ ಹುಟ್ಟಿದ ಸಾವಿರ ಮಕ್ಕಳಲ್ಲಿ 151 ವರ್ಷ ತುಂಬೋ ಮುಂಚೆ ಸಾಯ್ತಾ ಇದ್ರು, 1996ಕ್ಕೆ ಅದು 83 ಆಯ್ತು. ಪೂರ್ತಿ ಶ್ರೇಯಸ್ಸು ಬೋರಿಂಗಿಗೆ ಕೊಡೋ ಹಾಗಿಲ್ಲ, ಲಸಿಕೆ ಇತ್ತು, ಅದಕ್ಕಿಂತ ಮುಖ್ಯವಾಗಿ ಬ್ರ್ಯಾಕ್ ಅನ್ನೋ ಅಲ್ಲಿನ ಸ್ವಯಂಸೇವಾ ಸಂಸ್ಥೆಯ ಹೆಣ್ಣುಮಕ್ಕಳು 1980ರ ದಶಕದಲ್ಲಿ ಮನೆಮನೆಗೆ ಹೋಗಿ, ಭೇದಿ ಆದ ಮಗುವಿಗೆ ಕುಡಿಸೋಕೆ ಒಂದು ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು ಅಂತ ತಾಯಂದಿರ ಕೈಯಲ್ಲೇ ಕಲಸಿ ಕಲಿಸಿದ್ರು. ಅಳತೆ ಲೋಟ ಇಲ್ಲ, ಪ್ಯಾಕೆಟ್ ಇಲ್ಲ, ಬೆರಳು ಮತ್ತೆ ಅಂಗೈನೇ ಅಳತೆ. ಅರಿವು ಮೂಡಿಸೋ ಕೆಲಸ ಹೆಂಗಿರಬೇಕು ಅಂತ ಯಾರಾದ್ರೂ ಕೇಳಿದ್ರೆ ನಾನು ಮೊದಲು ಇದನ್ನೇ ಹೇಳೋದು. ಆದ್ರೆ ಬೋರಿಂಗಿನ ಪಾಠವೂ ಅಷ್ಟೇ ಆಳಕ್ಕೆ ಇಳೀತು. ನೆಲದ ನೀರು ಶುದ್ಧ, ಪುಕುರ್ ನೀರು ಕೊಳಕು, ಒಂದು ತಲೆಮಾರಿನ ತಾಯಂದಿರಿಗೆ ಇದು ಉಸಿರಾಡಿದಷ್ಟು ಸಹಜ ಆಗಿಹೋಯ್ತು.

ನೆಲದೊಳಗೆ ಏನಿತ್ತು

ಹಿಮಾಲಯದಿಂದ ಬಂದ ಮಣ್ಣಿನ ಕಣಗಳಿಗೆ ಕಬ್ಬಿಣದ ತುಕ್ಕಿನಂಥ ಪದರ ಅಂಟಿರುತ್ತೆ, ಆ ಪದರದಲ್ಲಿ ಆರ್ಸೆನಿಕ್ ಹಿಡ್ಕೊಂಡಿರುತ್ತೆ. ಗಾಳಿ ಆಡದ ನೆಲದೊಳಗೆ ಕೊಳೆತ ಸೊಪ್ಪುಸದೆ ತಿನ್ನೋ ಸೂಕ್ಷ್ಮಜೀವಿಗಳು ಆ ತುಕ್ಕನ್ನ ಕರಗಿಸ್ತಾವೆ, ಆಗ ಆರ್ಸೆನಿಕ್ ಬಿಟ್ಕೊಂಡು ನೀರಿಗೆ ಸೇರುತ್ತೆ. ಯಾವ ಕಾರ್ಖಾನೆಯೂ ಸುರಿದಿದ್ದಲ್ಲ, ಯಾರ ಮೇಲೂ ಕೇಸ್ ಹಾಕೋ ಹಾಗಿಲ್ಲ (ಹಾಕಿದ್ರು, ಅದು ಮುಂದೆ ಬರುತ್ತೆ). ಹೆಚ್ಚಿನ ವಿಷ ಇರೋದು ಮೇಲಿನ ಹೊಸ ಮಣ್ಣಿನ ಪದರದಲ್ಲಿ, ಅಂದ್ರೆ ಒಂದು ದಿನದಲ್ಲಿ ಪೈಪು ಇಳಿಸೋ ಆಳದಲ್ಲೇ. 150 ಮೀಟರು ದಾಟಿ ಕೆಳಗೆ ಹೋದ್ರೆ ಹಳೇ ಪದರ, ಅಲ್ಲಿ ಬಹುತೇಕ ನೀರು ಚೆನ್ನಾಗಿದೆ.

ಬಣ್ಣ ಇಲ್ಲ, ವಾಸನೆ ಇಲ್ಲ, ರುಚಿ ಇಲ್ಲ. ಕಾಯಿಸಿದ್ರೆ ಹೋಗಲ್ಲ, ನೀರು ಆವಿಯಾದಷ್ಟೂ ಉಳಿದ ನೀರಲ್ಲಿ ಗಟ್ಟಿ ಆಗುತ್ತೆ. ಬಟ್ಟೆಯಲ್ಲಿ ಸೋಸಿದ್ರೆ ಏನೂ ಆಗಲ್ಲ. ಬಾಂಗ್ಲಾದೇಶದ ಮಿತಿ ಲೀಟರಿಗೆ 50 ಮೈಕ್ರೋಗ್ರಾಂ. ಇದು ಎಷ್ಟು ಅಂದ್ರೆ ನಮ್ಮ ಮನೆ ಮೇಲಿನ ಸಾವಿರ ಲೀಟರ್ ಸಿಂಟೆಕ್ಸ್ ಟ್ಯಾಂಕಿಗೆ ಒಂದು ಗ್ರಾಮನ್ನ ಇಪ್ಪತ್ತು ಪಾಲು ಮಾಡಿ ಅದರಲ್ಲಿ ಒಂದು ಪಾಲು ಹಾಕಿದ ಹಾಗೆ. ವಿಶ್ವ ಆರೋಗ್ಯ ಸಂಸ್ಥೆ 1993ರಲ್ಲಿ 10ಕ್ಕೆ ಇಳಿಸ್ತು, ಬಾಂಗ್ಲಾದೇಶ 50ರಲ್ಲೇ ಉಳ್ಕೊಳ್ತು.

ಇದನ್ನ ಹಳ್ಳಿಯವರಿಗೆ ಹೇಳೋದು ಹೆಂಗೆ ಯೋಚನೆ ಮಾಡಿ. ನಮ್ಮಲ್ಲೂ ಪಾಷಾಣ ಅಂದ್ರೆ ಕುಡಿದ ತಕ್ಷಣ ನೊರೆ ಕಾರಿ ಸಾಯಬೇಕು ಅಂತಾನೇ ಕಲ್ಪನೆ. ಇದು ಹಾಗಲ್ಲ. ಐದು, ಹತ್ತು, ಕೆಲವೊಮ್ಮೆ ಇನ್ನೂ ಹೆಚ್ಚು ವರ್ಷ ಕುಡಿದ ಮೇಲೆ ಎದೆ ಬೆನ್ನಿನ ಮೇಲೆ ಮಳೆಹನಿ ಬಿದ್ದ ಹಾಗೆ ಚುಕ್ಕಿ, ಅಂಗೈ ಅಂಗಾಲಲ್ಲಿ ಗಂಟು ಗಂಟಾಗಿ ಗಟ್ಟಿ ಚರ್ಮ, ಇನ್ನೂ ಮುಂದೆ ಹೋದ್ರೆ ಚರ್ಮ, ಮೂತ್ರಕೋಶ, ಶ್ವಾಸಕೋಶದ ಕ್ಯಾನ್ಸರು. ಒಂದೇ ಬೋರಿಂಗಿನ ನೀರು ಕುಡಿಯೋ ಮನೆಯಲ್ಲಿ ಒಬ್ಬರಿಗೆ ಬರುತ್ತೆ ಇನ್ನೊಬ್ಬರಿಗೆ ಬರಲ್ಲ. ಹಾಗಾಗಿ ಜನ ಇದನ್ನ ಅಂಟುಜಾಡ್ಯ ಅಂದ್ಕೊಂಡ್ರು, ಶಾಪ ಅಂದ್ಕೊಂಡ್ರು. ಚುಕ್ಕಿ ಇರೋ ಹೆಣ್ಣುಮಕ್ಕಳಿಗೆ ಸಂಬಂಧ ಕೂಡಿ ಬರಲಿಲ್ಲ, ಮದುವೆ ಆದೋರನ್ನ ತವರಿಗೆ ಕಳಿಸಿದ್ರು, ಚುಕ್ಕಿ ಇರೋ ಮಕ್ಕಳನ್ನ ಬೇರೆ ಮಕ್ಕಳ ಜೊತೆ ಸೇರಿಸಲಿಲ್ಲ. ಆರೋಗ್ಯ ಕಾರ್ಯಕರ್ತರು ಹೇಳಬೇಕಾಗಿದ್ದ ಮೊದಲ ಮಾತು ನೀರಿನ ಬಗ್ಗೆ ಅಲ್ಲ, ಇದು ಮುಟ್ಟಿದ್ರೆ ಬರೋದಲ್ಲ ಅನ್ನೋದು.

ಪತ್ತೆ ಆಗಿದ್ದೂ ಗಡಿ ಈಚೆಯಿಂದ. ಕೋಲ್ಕತ್ತಾದ ಸ್ಕೂಲ್ ಆಫ್ ಟ್ರಾಪಿಕಲ್ ಮೆಡಿಸಿನ್‌ನ ಚರ್ಮರೋಗ ತಜ್ಞ ಡಾ. ಕೆ.ಸಿ. ಸಹಾ 1983ರಲ್ಲಿ ಪಶ್ಚಿಮ ಬಂಗಾಳದ ರೋಗಿಗಳಲ್ಲಿ ಇದನ್ನ ಗುರುತಿಸಿದ್ರು, ಆಚೆ ಕಡೆಯಿಂದ ಬಂದೋರಲ್ಲೂ ಅದೇ ಚುಕ್ಕಿ ಕಂಡ್ರು. ಆಮೇಲೆ ಜಾದವ್‌ಪುರ ವಿಶ್ವವಿದ್ಯಾಲಯದ ದೀಪಂಕರ್ ಚಕ್ರವರ್ತಿ ವರ್ಷಗಟ್ಟಲೆ ಹಳ್ಳಿ ಸುತ್ತಿ ನೀರು, ಕೂದಲು, ಉಗುರು ಪರೀಕ್ಷೆ ಮಾಡಿ ಕೂಗಾಡಿದ್ರು. ಬಾಂಗ್ಲಾದೇಶ ಸರ್ಕಾರದ ಇಲಾಖೆಗೆ ತನ್ನ ನೀರಲ್ಲಿ ಸಿಕ್ಕಿದ್ದು 1993ರಲ್ಲಿ, ಚಾಪಾಯ್ ನವಾಬ್‌ಗಂಜ್‌ನಲ್ಲಿ. ಇದಕ್ಕೆ ಒಂದೇ ವರ್ಷ ಮುಂಚೆ 1992ರಲ್ಲಿ ಬ್ರಿಟಿಷ್ ಜಿಯಾಲಜಿಕಲ್ ಸರ್ವೆಯವರು ಅಲ್ಲಿನ ಬಾವಿಗಳ ನೀರು ಪರೀಕ್ಷೆ ಮಾಡಿದ್ರು, ಆರ್ಸೆನಿಕ್ ಮಾತ್ರ ನೋಡಲಿಲ್ಲ. ಇದರ ಮೇಲೆ ಲಂಡನ್ನಿನಲ್ಲಿ ಕೇಸ್ ನಡೆದು 2006ರಲ್ಲಿ ಹೌಸ್ ಆಫ್ ಲಾರ್ಡ್ಸ್ (ಆಗ ಅಲ್ಲಿನ ಅತ್ಯುನ್ನತ ನ್ಯಾಯಾಲಯ) ಹಳ್ಳಿಯವರ ವಾದ ತಳ್ಳಿಹಾಕ್ತು. ಅದೇ ಸಂಸ್ಥೆ ಆಮೇಲೆ ಅಲ್ಲಿನ ಇಲಾಖೆ ಜೊತೆ 64 ಜಿಲ್ಲೆಗಳಲ್ಲಿ 61ರಲ್ಲಿ 3,534 ಬಾವಿ ನೋಡಿದಾಗ, ಕಡಿಮೆ ಆಳದ ಬಾವಿಗಳಲ್ಲಿ 27% ಮಿತಿ ದಾಟಿದ್ವು. ಸುಮಾರು ಮೂರೂವರೆ ಕೋಟಿ ಜನ. ಜನಸಮೂಹದಲ್ಲಿ ರೋಗ ಯಾಕೆ, ಹೆಂಗೆ ಬರುತ್ತೆ ಅಂತ ಅಧ್ಯಯನ ಮಾಡೋ ತಜ್ಞ (ಎಪಿಡೆಮಿಯಾಲಜಿಸ್ಟ್) ಅಲನ್ ಸ್ಮಿತ್ 2000ದಲ್ಲಿ ಇದನ್ನ ಇತಿಹಾಸದಲ್ಲೇ ಒಂದು ಜನಸಮೂಹಕ್ಕೆ ಆದ ಅತಿ ದೊಡ್ಡ ವಿಷಪ್ರಾಶನ ಅಂತ ಕರೆದ್ರು.

ಎರಡನೇ ಪಾಠ: ಬಣ್ಣ

ಈಗ ಅರೈಹಜಾರ್‌ಗೆ ಬರ್ತೀನಿ. ಸುಮಾರು 25 ಚದರ ಕಿಲೋಮೀಟರ್ ಜಾಗದಲ್ಲಿ ಹತ್ತಿರ ಹತ್ತಿರ 6,000 ಬೋರಿಂಗು. ಮೊದಲ ಸುತ್ತಿನಲ್ಲಿ 54 ಹಳ್ಳಿಗಳ 4,997 ಬೋರಿಂಗಿನ ಲೆಕ್ಕ ಹಾಕಿದಾಗ ಮಿತಿ ಒಳಗಿನ ನೀರು ಕುಡೀತಾ ಇದ್ದೋರು 48% ಮಾತ್ರ. ಅರ್ಧಕ್ಕಿಂತ ಹೆಚ್ಚು ಜನ ವಿಷ ಕುಡೀತಾ ಇದ್ರು. ಆದ್ರೆ ಅದೇ ನಕ್ಷೆಯಲ್ಲಿ ಇನ್ನೊಂದು ಅಂಕಿ ಸಿಕ್ತು, ನನಗೆ ಇಡೀ ಪ್ರಕರಣದಲ್ಲಿ ಬಹಳ ಇಷ್ಟವಾದ ಅಂಕಿ: 88% ಜನರ ಮನೆಯಿಂದ 100 ಮೀಟರ್ ಒಳಗೆ ಒಂದು ಒಳ್ಳೇ ಬೋರಿಂಗು ಇತ್ತು. ಆರ್ಸೆನಿಕ್ ನೆಲದೊಳಗೆ ಸಮನಾಗಿ ಹರಡಿಲ್ಲ, ತೇಪೆ ತೇಪೆಯಾಗಿದೆ, ನಿಮ್ಮದು ವಿಷ ಇರಬಹುದು, ಬೇಲಿ ಆಚೆ ಅವರದ್ದು ಅಮೃತ ಇರಬಹುದು. ಅಂದ್ರೆ ಫಿಲ್ಟರ್ ಬೇಡ, ಪ್ಲಾಂಟ್ ಬೇಡ, ಕೋಟಿ ರೂಪಾಯಿ ಯೋಜನೆ ಬರೋವರೆಗೆ ಕಾಯೋದು ಬೇಡ, ಪಕ್ಕದ ಮನೆಗೆ ಹೋಗಿ ನೀರು ತಂದ್ರೆ ಆಯ್ತು.

ಕಾಗದದ ಮೇಲೆ ಎಷ್ಟು ಸುಲಭ ನೋಡಿ.

ಕೆಲಸ ಹೆಂಗೆ ಮಾಡಿದ್ರು ಅಂದ್ರೆ, 2000ದ ಅಕ್ಟೋಬರಿನಿಂದ 2002ರ ಮೇ ತನಕ 11,746 ವಯಸ್ಕರನ್ನ ಒಬ್ಬೊಬ್ಬರಾಗಿ ಮಾತಾಡಿಸಿ, ಚರ್ಮ ನೋಡಿ, ಮೂತ್ರದ ಮಾದರಿ ತಗೊಂಡು ದಾಖಲೆ ಮಾಡಿದ್ರು. ಬೋರಿಂಗಿನ ಫಲಿತಾಂಶವನ್ನ ಆ ಮನೆಯವರಿಗೇ ನೇರವಾಗಿ ಹೇಳಿದ್ರು, ಪಂಚಾಯ್ತಿ ಬೋರ್ಡಿಗೆ ಅಂಟಿಸಿ ಕೈ ತೊಳ್ಕೊಳ್ಳಲಿಲ್ಲ. ಬೋರಿಂಗಿಗೆ ಗುರುತು ಹಾಕಿದ್ರು. ಊರಲ್ಲಿ ಹಾಡು, ಸಣ್ಣ ನಾಟಕ, ಗುಂಪು ಚರ್ಚೆ ಮಾಡಿದ್ರು. ಹತ್ತಿರ ಒಳ್ಳೇ ನೀರು ಇಲ್ಲದ ಊರುಗಳಲ್ಲಿ 50 ಆಳದ ಸಾಮೂಹಿಕ ಬೋರಿಂಗು ಹಾಕಿಸಿದ್ರು. ಇದೇ ಹೊತ್ತಿಗೆ ವಿಶ್ವಬ್ಯಾಂಕ್ ಸಾಲದ ಸರ್ಕಾರಿ ಯೋಜನೆಯಲ್ಲಿ ದೇಶದ ತುಂಬಾ ಸುಮಾರು 50 ಲಕ್ಷ ಬೋರಿಂಗು ಪರೀಕ್ಷೆ ಆಗಿ, ಮೂತಿಗೆ ಬಣ್ಣ ಬಳಿದ್ರು, ಒಳ್ಳೇದಕ್ಕೆ ಹಸಿರು, ಕೆಟ್ಟದ್ದಕ್ಕೆ ಕೆಂಪು. ಕೆಂಪು ಬಿದ್ದಿದ್ದು ಸುಮಾರು 14 ಲಕ್ಷಕ್ಕೆ.

ಪರೀಕ್ಷೆ ಕಿಟ್ ನೋಡೋಕೆ ಸರಳ. ಬಾಟ್ಲಿಗೆ ನೀರು, ಪುಡಿ, ಮುಚ್ಚಳದಲ್ಲಿ ಒಂದು ಕಾಗದದ ಪಟ್ಟಿ, ಇಪ್ಪತ್ತು ನಿಮಿಷ ಕಾಯೋದು, ವಿಷ ಇದ್ರೆ ಬಿಳಿ ಪಟ್ಟಿ ಹಳದಿ ಆಗುತ್ತೆ, ಹೆಚ್ಚಿದ್ರೆ ಕಂದು ಆಗುತ್ತೆ. ಬಹುಪಾಲು ಸರಿಯಾಗೇ ಹೇಳುತ್ತೆ, ತಪ್ಪು ಬರೋದು 50ರ ಗೆರೆಯಿಂದ ಸ್ವಲ್ಪ ಮೇಲಿರೋ ಬಾವಿಗಳಲ್ಲಿ. ಆದ್ರೆ ನನ್ನ ಪ್ರಕಾರ ಕಿಟ್ಟಿನ ನಿಜವಾದ ಬೆಲೆ ಆ ಇಪ್ಪತ್ತು ನಿಮಿಷ. ಮನೆಯವರೆಲ್ಲಾ ಬಂದು ಸುತ್ತ ನಿಂತು ಬಣ್ಣ ತಿರುಗೋದನ್ನ ಕಣ್ಣಾರೆ ನೋಡ್ತಾರೆ. ನಮ್ಮಲ್ಲಿ ಸ್ಯಾಂಪಲ್ ಬಾಟ್ಲಿ ತಾಲೂಕು ಲ್ಯಾಬಿಗೆ ಹೋಗಿ, ಎರಡು ತಿಂಗಳ ಮೇಲೆ ಪಿಡಿಒ ಟೇಬಲ್ಲಿಗೆ ಒಂದು ಹಾಳೆ ಬಂದ್ರೆ ಯಾರಿಗೆ ಏನು ಅನ್ಸುತ್ತೆ?

ಎರಡು ವರ್ಷ ಬಿಟ್ಟು ಮತ್ತೆ ಹೋಗಿ ನೋಡಿದಾಗ, ಕೆಟ್ಟ ಬೋರಿಂಗಿನವರಲ್ಲಿ 58% ಜನ ಬೇರೆ ಬೋರಿಂಗಿಗೆ ಬದಲಾಗಿದ್ರು. ಬಾಯಿಮಾತಲ್ಲ, ಮೂತ್ರದಲ್ಲೂ ಕಾಣಿಸ್ತು: ಒಳ್ಳೇ ಬೋರಿಂಗಿಗೆ ಹೋದೋರ ಮೂತ್ರದಲ್ಲಿ ಆರ್ಸೆನಿಕ್ 46% ಇಳಿದಿತ್ತು. ಫಿಲ್ಟರಿಲ್ಲ, ಔಷಧಿ ಇಲ್ಲ, ಒಂದು ಮಾತು ಮತ್ತೆ ಒಂದು ಗುರುತು. ಜನ ಮಾತು ಕೇಳಲ್ಲ ಅನ್ನೋರ ಮುಂದೆ ಈ 58ನ್ನ ಫ್ರೇಮ್ ಹಾಕಿ ಇಡಬೇಕು. ಹತ್ತಿರ ಹತ್ತಿರ ಮೂವತ್ತು ವರ್ಷ ಉಲ್ಟಾ ಪಾಠ ಕೇಳಿದ್ದ ಜನ ಇವರು, ನೆನಪಿರಲಿ.

ಉಳಿದ 42

ಅರಿವಿನ ಕೆಲಸದ ವರದಿಗಳು ಇಲ್ಲಿಗೆ ಮುಗಿದುಬಿಡುತ್ತವೆ, ನನಗೆ ಕುತೂಹಲ ಇರೋದು ಉಳಿದ 42ರ ಮೇಲೆ. ಅವರಿಗೂ ಹೇಳಿದ್ದಾರೆ, ಅವರ ಬೋರಿಂಗಿಗೂ ಗುರುತು ಇದೆ.

ದೂರ ಹೆಚ್ಚಾದಷ್ಟು ಬದಲಾಗೋರು ಕಡಿಮೆ, ಇದು ಎಲ್ಲಾ ಅಧ್ಯಯನದಲ್ಲೂ ಬಂತು. ಆದ್ರೆ 100 ಮೀಟರು ಅಂದ್ರೆ ನಮಗೆ ಏನು, ಬೈಕಲ್ಲಿ ಹತ್ತು ಸೆಕೆಂಡು. ಅಲ್ಲಿ ನೀರು ತರೋರು ಹೆಂಗಸರು, ಮಕ್ಕಳು. ಬೋರಿಂಗು ಇರೋದು ರಸ್ತೆ ಬದಿಯಲ್ಲಲ್ಲ, ಇನ್ನೊಬ್ಬರ ಬಾಡಿಯ ಒಳಗೆ, ಅವರ ಅಡುಗೆಮನೆ ಬಾಗಿಲಿಗೆ. ಪರದೆಯ ಪದ್ಧತಿ ಇರೋ ಕಡೆ ಹರೆಯದ ಸೊಸೆ ಕೊಡ ಹಿಡ್ಕೊಂಡು ಬೇರೆ ಗಂಡಸರಿರೋ ಅಂಗಳಕ್ಕೆ ದಿನಕ್ಕೆ ಮೂರು ಸಲ ಹೋಗಬೇಕು. ಆ ಮನೆಗೂ ಈ ಮನೆಗೂ ಜಮೀನಿನ ಜಗಳ ಇದ್ರೆ? ಅವರ ಸೊಸೆ ಮೂತಿ ತಿರುಗಿಸಿದ್ರೆ? ಹಸಿರು ಬೋರಿಂಗಿನ ಮಾಲೀಕರ ಕಡೆಯಿಂದಲೂ ನೋಡಬೇಕು ಮತ್ತೆ, ಬೆಳಗಾದ್ರೆ ಇಪ್ಪತ್ತು ಕೊಡ ಅಂಗಳದಲ್ಲಿ, ಕೆಸರು, ವಾಷರು ಸವೀತು, ರಿಪೇರಿ ಖರ್ಚು ಯಾರದು? ನಮ್ಮ ಊರಲ್ಲೂ ಬೀದಿ ನಲ್ಲಿ ಜಗಳದಲ್ಲಿ ತಲೆ ಒಡೆದಿರೋ ಇತಿಹಾಸ ಇದೆ, ಯಾರ ಬಾವಿಗೆ ಯಾರು ಹಗ್ಗ ಬಿಡಬಾರದು ಅನ್ನೋ ಇತಿಹಾಸ ಅದಕ್ಕಿಂತ ಹಳೇದು. ಹಂಗಾಗಿ ಪಕ್ಕದ ಮನೆ ನೀರು ತನ್ನಿ ಅನ್ನೋದು ಆರೋಗ್ಯದ ಸಲಹೆ ಥರ ಕಂಡ್ರೂ ಅದು ನಿಜವಾಗಿ ನೆಂಟಸ್ತನದ ವಿಷಯ.

ಇದು ಹೆಂಗಸರಿಗೆ ಗೊತ್ತು, ಯೋಜನೆ ಬರೆಯೋರಿಗೆ ಗೊತ್ತಿಲ್ಲ. ಇಡೀ ಕರಪತ್ರದಲ್ಲಿ ಆರ್ಸೆನಿಕ್ ಬಗ್ಗೆ ಇಪ್ಪತ್ತು ಸಾಲು ಇದ್ರೆ, ಪಕ್ಕದ ಮನೆಯವರ ಹತ್ರ ನೀರು ಕೇಳೋದು ಹೆಂಗೆ ಅನ್ನೋದಕ್ಕೆ ಒಂದು ಸಾಲೂ ಇಲ್ಲ.

ಇನ್ನೊಂದು ಗೊಂದಲ, ಕೆಂಪು ಬೋರಿಂಗಿನ ನೀರಲ್ಲಿ ಸ್ನಾನ ಮಾಡಬಹುದು, ಬಟ್ಟೆ ಒಗೀಬಹುದು, ಕುಡಿಯೋಕೆ ಮತ್ತೆ ಅಡುಗೆಗೆ ಮಾತ್ರ ಬೇಡ. ಇದರಲ್ಲಿ ಅಡುಗೆ ಅನ್ನೋ ಮಾತು ಜಾರಿಹೋಗುತ್ತೆ. ಕುಡಿಯೋಕೆ ಒಂದು ಕೊಡ ದೂರದಿಂದ ತರ್ತಾರೆ, ಅನ್ನಕ್ಕೆ ಮನೆ ಬೋರಿಂಗೇ. ಅನ್ನ ಬೇಯೋವಾಗ ಹೀರ್ಕೊಳ್ಳೋದು ಅದೇ ನೀರನ್ನ, ಆ ಜನ ದಿನಕ್ಕೆ ಎರಡು ಮೂರು ಹೊತ್ತು ಅನ್ನ ಉಣ್ಣೋರು.

ಸರಿ, ಮಾಹಿತಿ ಇನ್ನಷ್ಟು ವಿವರವಾಗಿ ಕೊಟ್ರೆ? ಇದನ್ನೂ ಅರೈಹಜಾರ್‌ನಲ್ಲೇ ಪ್ರಯೋಗ ಮಾಡಿ ನೋಡಿದ್ರು. ಕೆಲವು ಊರಲ್ಲಿ ಬರೀ ಒಳ್ಳೇದು ಕೆಟ್ಟದ್ದು ಅಂತ ಹೇಳಿದ್ರು, ಇನ್ನು ಕೆಲವು ಊರಲ್ಲಿ, ಗೆರೆ ಅಂತೇನಿಲ್ಲ, ಆರ್ಸೆನಿಕ್ ಎಷ್ಟು ಕಡಿಮೆ ಇದ್ರೆ ಅಷ್ಟು ಒಳ್ಳೇದು, ಕೆಂಪಲ್ಲೂ ಕಡಿಮೆ ಕೆಂಪು ಇರೋದಕ್ಕೆ ಹೋದ್ರೂ ಲಾಭ ಅಂತ ಬಿಡಿಸಿ ಹೇಳಿದ್ರು. ವಿಜ್ಞಾನದ ಪ್ರಕಾರ ಎರಡನೇದೇ ಸರಿ. ಆದ್ರೆ ಬಿಡಿಸಿ ಹೇಳಿದ ಕಡೆ ಹೆಚ್ಚು ಜನ ಬದಲಾಗಲಿಲ್ಲ, ಹೆಚ್ಚು ವಿಷ ಇದ್ರೆ ಬಿಡೋಣ ಅನ್ನೋ ಎಚ್ಚರ ಇನ್ನೂ ಮಂಕಾಯ್ತು. ನಾನು ಟ್ರೈನಿಂಗ್‌ಗಳಲ್ಲಿ ಇದನ್ನ ಹೇಳಿದಾಗ ಓದಿದೋರಿಗೆ ಸಿಟ್ಟು ಬರುತ್ತೆ, ಹಾಗಾದ್ರೆ ಹಳ್ಳಿಯವರಿಗೆ ಅರ್ಥ ಆಗಲ್ಲ ಅಂತೀರಾ ಅಂತ. ಅಲ್ಲ. ಇಪ್ಪತ್ತು ಕೊಡ ಹೊರಬೇಕಾದವಳಿಗೆ ಬೇಕಿರೋದು ಯಾವ ಮನೆಗೆ ಹೋಗ್ಲಿ ಅನ್ನೋದಕ್ಕೆ ಉತ್ತರ, ಗ್ರಾಫು ಅಲ್ಲ. ಆದ್ರೂ 2012-13ರಲ್ಲಿ ಮತ್ತೆ ಪರೀಕ್ಷೆ ಮಾಡಿದಾಗ ಮೂರು ಬಣ್ಣದ ತಗಡು ಹಾಕಿದ್ರು, 10ರ ಒಳಗೆ ನೀಲಿ, 50ರ ತನಕ ಹಸಿರು, ಆಮೇಲೆ ಕೆಂಪು. ಇದು ನನಗೆ ಒಳ್ಳೇ ರಾಜಿ ಅನ್ಸುತ್ತೆ.

ಆಳದ ಬೋರಿಂಗು ಯಾರ ಅಂಗಳದಲ್ಲಿ

ಆಳದ ಸಾಮೂಹಿಕ ಬೋರಿಂಗು ಹಾಕಿದ ಕಡೆ ಹೆಂಗಸರು ನೂರಾರು ಮೀಟರಿಂದ ಬಂದು ಸಾಲು ನಿಂತ್ರು. ನೀರು ಎಲ್ಲರಿಗೂ ಸೇರಿದ ಜಾಗದಲ್ಲಿದ್ರೆ ಅರಿವಿನ ಕೊರತೆ ಅನ್ನೋದು ಅರ್ಧ ತಾನಾಗೇ ಮಾಯ ಆಗುತ್ತೆ.

ಆದ್ರೆ ಅಷ್ಟು ಆಳ ಕೊರೆಸೋದು ಬಡವನ ಜೇಬಿಗೆ ಆಗೋದಲ್ಲ, ಸರ್ಕಾರವೇ ಹಾಕಬೇಕು. ಸರ್ಕಾರ ಹಾಕೋದು ಅಂದ್ರೆ ಜಾಗ ಗೊತ್ತು ಮಾಡೋರು ಯಾರು ಅನ್ನೋ ಪ್ರಶ್ನೆ. ಮುಂದಿನದು ಹೇಳೋಕೆ ಬಾಂಗ್ಲಾದೇಶಕ್ಕೆ ಹೋಗಬೇಕಿಲ್ಲ, ನಿಮ್ಮ ಊರಿನ ಹೈಮಾಸ್ಟ್ ದೀಪ ಯಾರ ಮನೆ ಮುಂದೆ ಇದೆ ನೋಡ್ಕೊಳ್ಳಿ. ಹ್ಯೂಮನ್ ರೈಟ್ಸ್ ವಾಚ್ 2016ರ ವರದಿಯಲ್ಲಿ ಬರೆದ ಹಾಗೆ, ಸರ್ಕಾರಿ ಬೋರಿಂಗುಗಳಲ್ಲಿ ಅರ್ಧದಷ್ಟಕ್ಕೆ ಜಾಗ ಸೂಚಿಸೋ ಅವಕಾಶ ಸಂಸದರ ಕೈಲಿತ್ತು, ತಮ್ಮ ಕಡೆಯವರ ಅಂಗಳಕ್ಕೆ ಹೋದ್ವು, ವಿಷ ಕಡಿಮೆ ಇರೋ ಪ್ರದೇಶಕ್ಕೂ ಹೋದ್ವು. ಆಗಲೂ ಸುಮಾರು ಎರಡು ಕೋಟಿ ಜನ ಮಿತಿ ಮೀರಿದ ನೀರೇ ಕುಡೀತಾ ಇದ್ರು. ಅರೈಹಜಾರ್‌ನಲ್ಲೇ ನಕ್ಷೆ ಮೇಲೆ ಸರ್ಕಾರಿ ಆಳದ ಬೋರಿಂಗುಗಳನ್ನ ಗುರುತು ಮಾಡಿದ್ರೆ ಒಂದರ ಮಗ್ಗುಲಿಗೆ ಒಂದು ಗುಂಪಾಗಿ ಕಾಣ್ತಾವೆ, ಕೆಂಪು ತುಂಬಿದ ಕೇರಿಗಳ ಹತ್ರ ಖಾಲಿ. ಇಷ್ಟಾದ ಮೇಲೆ ಆ ಕೇರಿಯಲ್ಲಿ ಹೋಗಿ ನಾಟಕ ಆಡಿಸಿ ಅರಿವು ಮೂಡಿಸಿದ್ರೆ ಅವರು ನಗದೇ ಇನ್ನೇನು ಮಾಡ್ತಾರೆ.

ಫಿಲ್ಟರಿನ ಕಥೆ ಚಿಕ್ಕದಾಗಿ ಹೇಳ್ತೀನಿ. ಕುಷ್ಟಿಯಾ ಕಡೆಯ ರಸಾಯನಶಾಸ್ತ್ರಜ್ಞ ಅಬುಲ್ ಹುಸ್ಸಾಮ್, ಕಬ್ಬಿಣದ ಚೂರು, ಮರಳು, ಇದ್ದಿಲು ತುಂಬಿದ ಬಕೆಟ್ಟಿನ ಸೊನೊ ಫಿಲ್ಟರ್ ಮಾಡಿ 2007ರಲ್ಲಿ ಅಮೆರಿಕದ ಹತ್ತು ಲಕ್ಷ ಡಾಲರ್ ಬಹುಮಾನ ತಗೊಂಡ್ರು. ನಿಜಕ್ಕೂ ಕೆಲಸ ಮಾಡೋ ವಸ್ತು. ಆದ್ರೆ ಮನೆ ಫಿಲ್ಟರಿಗೆ ಯಾವಾಗಲೂ ಯಾರಾದ್ರೂ ತೊಳೀಬೇಕು, ನೋಡ್ಕೋಬೇಕು, ಮುರಿದ ನಲ್ಲಿ ಬದಲಾಯಿಸಬೇಕು. ಬೋರಿಂಗಿಗೆ ಅದು ಬೇಡ, ಹ್ಯಾಂಡಲ್ ಒತ್ತಿದ್ರೆ ನೀರು.

ಮರೆಸೋಕೆ ಹೋದ್ರೆ ಏನಾಗಬಹುದು

ಇಲ್ಲಿ ಕಥೆ ಇನ್ನೊಂದು ಸಲ ತಿರುಗುತ್ತೆ. ಮನೆ ಬೋರಿಂಗು ಬಿಟ್ಟೋರೆಲ್ಲ ಒಳ್ಳೇ ಬೋರಿಂಗಿಗೆ ಹೋಗಲಿಲ್ಲ, ಕೆಲವರು ತೆರೆದ ಬಾವಿಗೆ, ಪುಕುರ್‌ಗೆ ವಾಪಸ್ ಹೋದ್ರು, ದೂರದಿಂದ ತಂದೋರು ಕೊಡದಲ್ಲಿ ತುಂಬಿ ಇಟ್ಕೊಂಡ್ರು, ಅದರಲ್ಲಿ ಮಗುವಿನ ಕೈ ಅದ್ದಿದ ಲೋಟ ಬಿತ್ತು. ಆರ್ಸೆನಿಕ್ ಭಯಕ್ಕೆ ಹಿತ್ತಿಲ ಬೋರಿಂಗು ಬಿಟ್ಟ ಮನೆಗಳಲ್ಲಿ ಚಿಕ್ಕಮಕ್ಕಳ ಸಾವು ಹೆಚ್ಚಾಯ್ತು ಅಂತ ಅರ್ಥಶಾಸ್ತ್ರಜ್ಞರ ಒಂದು ಅಧ್ಯಯನ ತೋರಿಸಿದೆ. ಮೊದಲನೇ ಪಾಠ ಯಾವುದಕ್ಕೆ ಹೇಳಿದ್ರೋ ಆ ಭೇದಿನೇ ಹಿಂಬಾಗಿಲಿಂದ ಬಂತು. ಇದನ್ನ ಓದಿದ ದಿನ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

ಹಾಗಂತ ಕೆಂಪು ಬಳಿದಿದ್ದು ತಪ್ಪು ಅಂತ ನಾನು ಹೇಳಲ್ಲ. 2010ರಲ್ಲಿ ಅದೇ 11,746 ಜನರ ದಾಖಲೆ ಇಟ್ಕೊಂಡು ಲೆಕ್ಕ ಹಾಕಿದಾಗ, ಅಲ್ಲಿನ ಒಟ್ಟು ಸಾವುಗಳಲ್ಲಿ ಸುಮಾರು 21% ಸಾವಿಗೆ 10 ಮೈಕ್ರೋಗ್ರಾಂ ದಾಟಿದ ನೀರು ಕಾರಣ ಅಂತ ಬಂತು. ಹತ್ತು ವರ್ಷದ ಮಕ್ಕಳ ಬುದ್ಧಿಶಕ್ತಿ ಪರೀಕ್ಷೆಯಲ್ಲೂ, ಬೋರಿಂಗಲ್ಲಿ ವಿಷ ಹೆಚ್ಚಿದ್ದಷ್ಟು ಅಂಕ ಕಡಿಮೆ ಬಂದಿದ್ದು ಇದೇ ಅರೈಹಜಾರ್‌ನಲ್ಲಿ. ಹೇಳಲೇಬೇಕಿತ್ತು. ಆದ್ರೆ ಒಂದನ್ನ ಬಿಡಿ ಅನ್ನೋ ಬಾಯಲ್ಲೇ, ಬದಲಿಗೆ ಇಂಥ ಮನೆಯ ಇಂಥ ಬೋರಿಂಗಿಗೆ ಹೋಗಿ, ಅದು ಆಗದಿದ್ರೆ ಪುಕುರ್‌ಗೆ ಮಾತ್ರ ಹೋಗಬೇಡಿ ಅಂತ ಹೆಸರು ಹಿಡಿದು ಹೇಳಬೇಕಿತ್ತು. ಅರೈಹಜಾರ್‌ನಲ್ಲಿ ಒಬ್ಬೊಬ್ಬರನ್ನ ಮಾತಾಡಿಸಿದ್ದಕ್ಕೆ ಇದು ಸ್ವಲ್ಪ ಸಾಧ್ಯ ಆಯ್ತು, ಬಣ್ಣದ ಡಬ್ಬಿ ಹಿಡ್ಕೊಂಡು ದಿನಕ್ಕೆ ಇಷ್ಟು ಬೋರಿಂಗು ಅಂತ ಟಾರ್ಗೆಟ್ ಮುಗಿಸೋರಿಗೆ ಎಲ್ಲಿಂದ ಆಗಬೇಕು.

ನಮಗೂ ಇದಕ್ಕೂ ಏನು ಸಂಬಂಧ ಅಂದ್ರೆ, ಇದೆ. ಯಾದಗಿರಿ ಜಿಲ್ಲೆ ಸುರಪುರ ಕಡೆಯ ಕಿರದಳ್ಳಿ ತಾಂಡಾದಲ್ಲಿ ಇದೇ ಚುಕ್ಕಿ, ಇದೇ ಗಂಟು ಕಟ್ಟಿದ ಅಂಗೈ. ಅಲ್ಲಿ ಕಾರಣ ನದಿ ಮಣ್ಣಲ್ಲ, ಮಂಗಳೂರು ಶಿಲಾಪಟ್ಟಿ ಅಂತ ಕರೆಯೋ ಹಳೇ ಚಿನ್ನದ ಗಣಿ ಪ್ರದೇಶದ ಕಲ್ಲು (ಕರಾವಳಿಯ ಮಂಗಳೂರಲ್ಲ). ಅದರ ಮೇಲೆ 2013ರಲ್ಲಿ ಬಂದ ಅಧ್ಯಯನದಲ್ಲೂ ಅದೇ ಚಕ್ರವರ್ತಿಯವರ ಹೆಸರಿದೆ.

ಮೇಸ್ತ್ರಿ

ಬಣ್ಣ ಒಂದೆರಡು ಮಳೆಗಾಲಕ್ಕೆ ಅಳಿಸಿಹೋಯ್ತು. ಕೆಂಪೋ ಹಸಿರೋ ಅಂತ ಮನೆಯವರಿಗೇ ನೆನಪಿಲ್ಲ. ಪೈಪು ಹಾಳಾದ್ರೆ ಹೊಸದು ಹಾಕಿಸ್ತಾರೆ, ಅದನ್ನ ಪರೀಕ್ಷೆ ಮಾಡೋರು ಯಾರೂ ಬರಲ್ಲ, ಹಂಗಾಗಿ ಹತ್ತು ವರ್ಷ ಬಿಟ್ಟು ಹೋದಾಗ ಬಹಳಷ್ಟು ಬೋರಿಂಗು ಹಳೇ ಪಟ್ಟಿಯಲ್ಲೇ ಇರಲಿಲ್ಲ.

ಈ ಎಲ್ಲಾ ವರ್ಷ ಬಿಡದೆ ಊರಲ್ಲಿ ಓಡಾಡಿದ್ದು ಬೋರಿಂಗ್ ಮೇಸ್ತ್ರಿ. ಅವನಿಗೆ ನೆಲ ಗೊತ್ತು. ಪೈಪಿನಿಂದ ಬೂದು ಮರಳು ಬಂದ್ರೆ ಅನುಮಾನ, ಕಿತ್ತಳೆ ಕಂದು ಮರಳು ಬಂದ್ರೆ ಒಳ್ಳೇ ನೀರು, ಇದನ್ನ ವಿಜ್ಞಾನಿಗಳೂ ಒಪ್ತಾರೆ, ಕಬ್ಬಿಣದ ತುಕ್ಕು ಇನ್ನೂ ಕರಗಿಲ್ಲ ಅನ್ನೋದರ ಗುರುತು ಆ ಬಣ್ಣ. ಕೆಲವು ಕಡೆ ಮೇಸ್ತ್ರಿಗಳು ಇದನ್ನ ನೋಡಿಯೇ ಇನ್ನೆರಡು ಪೈಪು ಇಳಿಸೋಣ ಅಂತ ಮನೆಯವರಿಗೆ ಹೇಳೋದೂ ಇದೆ. ಯಾವ ಅಂಗಳಕ್ಕೆ ಯಾವ ಸೊಸೆ ಹೋಗಲ್ಲ ಅನ್ನೋದೂ ಅವನಿಗೆ ಗೊತ್ತಿರುತ್ತೆ, ಯಾಕಂದ್ರೆ ಜಗಳ ಆದ ವಾರವೇ ಅವನಿಗೆ ಹೊಸ ಬೋರಿಂಗಿನ ಕೆಲಸ ಬರೋದು. ನನ್ನ ಕೈಗೆ ಯೋಜನೆಯ ದುಡ್ಡು ಕೊಟ್ರೆ ಕಿಟ್ಟುಗಳನ್ನ ಅವನ ಚೀಲದಲ್ಲಿ ಇಡ್ತೀನಿ. ಒಂದೇ ಒಂದು ತೊಡಕು ಇದೆ, ಇದನ್ನ ಇನ್ನೂ ಬಿಡಿಸೋಕಾಗಿಲ್ಲ: ಪೈಪು ಇಳಿಸಿ, ಸಿಮೆಂಟ್ ಹಾಕಿ, ಕೊನೆಗೆ ಪಟ್ಟಿ ಕಂದು ಬಣ್ಣಕ್ಕೆ ತಿರುಗಿದ್ರೆ ಮನೆಯವರು ಕೂಲಿ ಕೊಡಲ್ಲ. ಹಾಗಿದ್ದಾಗ ಅವನು ಪಟ್ಟಿ ತೆಗೆದು ತೋರಿಸ್ತಾನಾ?